ಕೊಮೊಡೊದಲ್ಲಿ ಒಂದೇ ದಿನ ಗುಡ್ಡ ಹತ್ತೋದು, ಡೈವಿಂಗ್ ಎರಡೂ: ಯಾವುದು ಮೊದಲು?

ಕೈಮರ ಚಾರಣಿಗ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ನಾವು ನಾಲ್ಕು ಜನ ಇಂಡೋನೇಷ್ಯಾಗೆ ಹೋಗುತ್ತಿದ್ದೇವೆ. ನಾನು, ನನ್ನ ಹೆಂಡತಿ, ಭಾಮೈದ, ಅವನ ಹೆಂಡತಿ. ಬೆಂಗಳೂರಿನಿಂದ ಬಾಲಿ, ಬಾಲಿಯಿಂದ ಇನ್ನೊಂದು ವಿಮಾನ ಹಿಡಿದು ಫ್ಲೋರೆಸ್ ದ್ವೀಪದ ಬಂದರು ಊರು ಲಬುವಾನ್ ಬಾಜೊ. ಅಲ್ಲಿಂದ ಕೊಮೊಡೊ ನ್ಯಾಷನಲ್ ಪಾರ್ಕ್‌ನ ದ್ವೀಪಗಳ ನಡುವೆ ಮೂರು ಹಗಲು, ಎರಡು ರಾತ್ರಿ. ದೋಣಿಯಲ್ಲೇ ಊಟ, ದೋಣಿಯಲ್ಲೇ ನಿದ್ದೆ. ದೋಣಿ ಅಂದರೆ ಅಲ್ಲಿನ ಪಿನಿಸಿ, ಎರಡು ಕಂಬ, ಏಳು ಹಾಯಿ ಇರುವ ಮರದ ಹಡಗು. ದಕ್ಷಿಣ ಸುಲಾವೆಸಿಯವರು ಇದನ್ನು ಕಟ್ಟುವ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗಾಳಿ ಸರಿ ಇದ್ದರೆ ಹಾಯಿ ಬಿಚ್ಚುತ್ತೇವೆ, ಇಲ್ಲದಿದ್ದರೆ ಎಂಜಿನ್ ಅಂತ ದೋಣಿಯವರು ಮೊದಲೇ ಹೇಳಿದ್ದಾರೆ. ಹಾಯಿ ತುಂಬಿಕೊಂಡು ಹೋಗುವುದನ್ನು ಸ್ವಲ್ಪ ಹೊತ್ತು ನೋಡಿದರೂ ಸಾಕು ಅನ್ನುವಷ್ಟು ಆಸೆ ನನಗೆ.

ಗೊಂದಲ ಇರುವುದು ಎರಡನೇ ದಿನದ ವಿಷಯದಲ್ಲಿ. ದೋಣಿಯವರು ಎರಡು ಪ್ಲಾನ್ ಕಳಿಸಿದ್ದಾರೆ. ಒಂದರಲ್ಲಿ ಬೆಳಗಿನ ಜಾವ ಪಾದಾರ್ ದ್ವೀಪದ ಗುಡ್ಡ ಹತ್ತಿ ಸೂರ್ಯೋದಯ ನೋಡಿ, ಕೊಮೊಡೊ ದ್ವೀಪದಲ್ಲಿ ಕೊಮೊಡೊ ಡ್ರ್ಯಾಗನ್ ಅನ್ನುವ ಆ ದೊಡ್ಡ ಹಲ್ಲಿಗಳನ್ನು ನೋಡಿ, ಆಮೇಲೆ ಮಾಂಟಾ ಅನ್ನುವ ಅಗಲ ರೆಕ್ಕೆಯ ದೊಡ್ಡ ಮೀನುಗಳು ಬರುವ ಮಾಂಟಾ ಪಾಯಿಂಟ್‌ನಲ್ಲಿ ಡೈವ್. ಇನ್ನೊಂದರಲ್ಲಿ ಬೆಳಗ್ಗೆಯೇ ಎರಡು ಡೈವ್ ಮುಗಿಸಿ, ಊಟ ಮಾಡಿ, ಸಂಜೆ ಪಾದಾರ್ ಹತ್ತುವುದು. ಆಗಸ್ಟ್‌ನಲ್ಲಿ ಬೆಳಗ್ಗೆ ಪಾದಾರ್‌ನಲ್ಲಿ ಜನ ಜಾಸ್ತಿ, ಸಂಜೆ ಆರಾಮ ಅನ್ನುವುದು ಅವರ ವಾದ.

ಹತ್ತುವುದಕ್ಕೆ ನಮಗೆ ಭಯವಿಲ್ಲ. ಸರ್ಪದಾರಿ, ಎತ್ತಿನಭುಜ, ಬಲ್ಲಾಳರಾಯನದುರ್ಗ ಎಲ್ಲಾ ನಡೆದು ರೂಢಿ ಇದೆ. ಡೈವಿಂಗ್‌ನಲ್ಲಿ ನಾನು ಮತ್ತು ಭಾಮೈದ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇವೆ, ಆದರೆ ನೀರಿಗೆ ಇಳಿದು ಬಹಳ ದಿನ ಆಯಿತು. ಹೆಂಗಸರಿಬ್ಬರಿಗೂ ಇದೇ ಮೊದಲು. ಅದಕ್ಕೇ ಏಪ್ರಿಲ್‌ನಲ್ಲಿ ಒಂದು ಭಾನುವಾರ ನೇತ್ರಾಣಿಗೆ ಹೋಗಿ ಅಭ್ಯಾಸ ಮಾಡೋಣ ಅಂತಿದ್ದೇವೆ. ಶನಿವಾರ ರಾತ್ರಿ ಮುರುಡೇಶ್ವರ, ಬೆಳಗ್ಗೆ ಡೈವ್, ಮಧ್ಯಾಹ್ನ ಊಟ ಮಾಡಿ ಹೊರಟರೆ ಆಗುಂಬೆ, ಶೃಂಗೇರಿ ಮೇಲೆ ರಾತ್ರಿಗೆ ಮನೆ. ಸೋಮವಾರ ತೋಟದಲ್ಲಿ ಕೆಲಸ ಇರುತ್ತದೆ, ತಪ್ಪಿಸುವ ಹಾಗಿಲ್ಲ.

ಇನ್ನೊಂದು. ಮೂರನೇ ದಿನ ನಮ್ಮ ವಿಮಾನ ಸಂಜೆ ನಾಲ್ಕಕ್ಕೆ. ಬೆಳಗ್ಗೆ ಸುಮ್ನೆ ಕೂರುವ ಬದಲು ಇನ್ನೊಂದು ಡೈವ್ ಹಾಕಬಹುದು ಅಂತ ದೋಣಿಯವರು ಹೇಳುತ್ತಿದ್ದಾರೆ. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಗೊರೂರು ಹಿನ್ನೀರು, ಹಾಸನ

ಮೊದಲ ಪ್ಲಾನೇ ಸರಿ ಸರ್. ಗುಡ್ಡ ಮೊದಲು, ನೀರು ಆಮೇಲೆ. ನಾನು ರೆಸ್ಕ್ಯೂ ಡೈವರ್ ಕೋರ್ಸ್ ಮಾಡಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ನೀವು ಕೇಳದೇ ಇರುವ ಒಂದು ವಿಷಯ ಇದೆ, ಅದೇ ನನಗೆ ಜಾಸ್ತಿ ಚಿಂತೆ ತಂದದ್ದು.

ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ. ಆ ಒತ್ತಡದಲ್ಲಿ ಸಿಲಿಂಡರ್ ಗಾಳಿ ಉಸಿರಾಡಿದಾಗ ಅದರಲ್ಲಿರುವ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನ ಮೂಲಕ ನಿಧಾನವಾಗಿ ಹೊರಗೆ ಹೋಗುತ್ತದೆ. ಒತ್ತಡ ಬೇಗ ಇಳಿದರೆ ಮಾತ್ರ ಗೋಲಿ ಸೋಡಾ ಒಡೆದ ಹಾಗೆ ಮೈಯೊಳಗೇ ಗುಳ್ಳೆ ಏಳುತ್ತದೆ. ಕೀಲು ನೋವು, ಕೈಕಾಲು ಜೋಮು, ತಲೆಸುತ್ತು, ವಿಪರೀತ ಸುಸ್ತು ಇವೆಲ್ಲ ಅದರ ಲಕ್ಷಣ. ಡೈವ್ ಮುಗಿಸಿ ದಡಕ್ಕೆ ಬಂದಾಗ ಮೈಯಲ್ಲಿ ಇನ್ನೂ ಸಾಕಷ್ಟು ನೈಟ್ರೋಜನ್ ಉಳಿದಿರುತ್ತದೆ. ಆ ಹೊತ್ತಿನಲ್ಲಿ ಏದುಸಿರು ಬಿಡುವಷ್ಟು ಕೆಲಸ ಮಾಡಿದರೆ ಗುಳ್ಳೆ ಏಳುವ ಸಾಧ್ಯತೆ ಹೆಚ್ಚುತ್ತದೆ. ಪಾದಾರ್ ಎತ್ತರದ ಬೆಟ್ಟ ಅಲ್ಲ, ಆದರೆ ನೆಟ್ಟಗಿನ ಮೆಟ್ಟಿಲು, ನೆರಳಿಲ್ಲ. ಎರಡು ಡೈವ್ ಆದ ಮೇಲೆ ಸಂಜೆ ಬಿಸಿಲಿನಲ್ಲಿ ಬೆವರು ಸುರಿಸಿಕೊಂಡು ಅದನ್ನು ಹತ್ತುವುದು ಬೇಡವೇ ಬೇಡ. ಮೈಯಲ್ಲಿ ನೀರು ಕಡಿಮೆಯಾದರೂ ಅಪಾಯ ಜಾಸ್ತಿ. ಬೆಳಗ್ಗೆ ಹತ್ತಿ ಇಳಿದು, ಚೆನ್ನಾಗಿ ನೀರು ಕುಡಿದು, ಒಂದೆರಡು ಗಂಟೆ ದೋಣಿಯಲ್ಲಿ ಕಾಲು ಚಾಚಿ ಕೂತು, ಆಮೇಲೆ ಡೈವ್ ಮಾಡಿ.

ಮೂರನೇ ದಿನದ ಡೈವ್ ಬಿಡಿ. ಯಾರು ಎಷ್ಟೇ ಹೇಳಲಿ, ಬಿಡಿ. ಡೈವರ್‌ಗಳ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ ಹೀಗಿದೆ: ಒಂದೇ ಒಂದು ಸಾಮಾನ್ಯ ಡೈವ್ ಆದರೆ ವಿಮಾನ ಹತ್ತುವ ಮೊದಲು ಕನಿಷ್ಠ 12 ಗಂಟೆ ಬಿಡುವು, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನದ ಡೈವಿಂಗ್ ಆದರೆ ಕನಿಷ್ಠ 18 ಗಂಟೆ. ನಿಮ್ಮದು ಎರಡನೇ ಲೆಕ್ಕ. ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ನೀರಿನಿಂದ ಎದ್ದರೆ ಮರುದಿನ ಸಂಜೆ ನಾಲ್ಕಕ್ಕೆ 25 ಗಂಟೆ ಆಗಿರುತ್ತದೆ, ನೆಮ್ಮದಿ. ಮೂರನೇ ದಿನ ಬೆಳಗ್ಗೆ ಸ್ನಾರ್ಕೆಲ್ ಹಾಕಿಕೊಂಡು ನೀರಿನ ಮೇಲೆ ತೇಲಿ, ಅದಕ್ಕೇನೂ ಅಡ್ಡಿಯಿಲ್ಲ.

ಈಗ ನೀವು ಕೇಳದೇ ಇರುವ ವಿಷಯ. ಆ ಸಲಹೆ ಬರೀ ವಿಮಾನಕ್ಕೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮೈಗೆ ವಿಮಾನ ಗೊತ್ತಿಲ್ಲ, ಗಾಳಿಯ ಒತ್ತಡ ಮಾತ್ರ ಗೊತ್ತು. ಆ ಗಂಟೆಗಳ ಲೆಕ್ಕ ಸುಮಾರು 600 ಮೀಟರ್‌ನಿಂದ 2,400 ಮೀಟರ್‌ವರೆಗಿನ ಎತ್ತರದ ಒತ್ತಡಕ್ಕೆ ಹಾಕಿದ್ದು. ಆಗುಂಬೆ 600 ದಾಟುತ್ತದೆ. ನಮ್ಮ ಹಾಸನ 900ರ ಮೇಲಿದೆ. ನಿಮ್ಮ ಚಿಕ್ಕಮಗಳೂರು ಸಾವಿರ ಮೀಟರ್‌ಗಿಂತ ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರದ ದಡಕ್ಕಿಂತ ಶೇಕಡಾ ಹತ್ತಕ್ಕಿಂತಲೂ ಜಾಸ್ತಿ ಕಡಿಮೆ. ಮಧ್ಯಾಹ್ನ ನೇತ್ರಾಣಿಯಲ್ಲಿ ನೀರಿನಿಂದ ಎದ್ದು ರಾತ್ರಿ ಮನೆಗೆ ಬಂದರೆ, ಡೈವ್ ಮಾಡಿ ಅದೇ ದಿನ ವಿಮಾನ ಹತ್ತಿದವರ ಸಾಲಿಗೇ ನೀವೂ ಸೇರುತ್ತೀರಿ. ಆಗುಂಬೆ ಆಗಲಿ, ಚಾರ್ಮಾಡಿ ಆಗಲಿ, ಶಿರಾಡಿ ಆಗಲಿ, ಯಾವ ಘಾಟಿಯಲ್ಲಿ ಬಂದರೂ ಅಷ್ಟೆ. ಬೆಂಗಳೂರಿನವರಿಗೂ ಇದೇ ಮಾತು. ಕರಾವಳಿಯಲ್ಲಿ ಡೈವ್ ಮಾಡಿಸುವವರು ವಿಮಾನದ ಬಗ್ಗೆ ಕೇಳುತ್ತಾರೆ, ಘಾಟಿ ಹತ್ತುವ ಬಗ್ಗೆ ಕೇಳುವುದು ಕಡಿಮೆ. ಅಲ್ಲಿಗೆ ಬರುವವರಲ್ಲಿ ಎಷ್ಟೊಂದು ಜನ ಘಟ್ಟದ ಮೇಲಿನವರೇ ಅಲ್ವಾ?

ಹೆಂಗಸರು ಮಾಡುವ ಪರಿಚಯದ ಡೈವ್ ಆಳ ಕಡಿಮೆ, 12 ಮೀಟರ್ ಮೀರಿಸುವುದಿಲ್ಲ, ಹೊತ್ತೂ ಕಡಿಮೆ. ಅಪಾಯ ಸಣ್ಣದು, ನಿಜ. ಆದರೂ ಅದನ್ನು ತೆಗೆದುಕೊಳ್ಳಬೇಕಾದ ಅಗತ್ಯವೇ ಇಲ್ಲ. ಶುಕ್ರವಾರ ರಾತ್ರಿ ಇಳಿದು ಶನಿವಾರ ಡೈವ್ ಮಾಡಿ, ಶನಿವಾರ ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಭಾನುವಾರ ಬೆಳಗ್ಗೆ ತಿಂಡಿ ತಿಂದು ಹೊರಡಿ. ಸೋಮವಾರದ ತೋಟಕ್ಕೂ ತೊಂದರೆಯಿಲ್ಲ.

ಮೂಡಿಗೆರೆ ಮಳೆ

ಮೇಲಿನ ಮೇಡಂ ಹೇಳಿದ್ದು ಪೂರ್ತಿ ಸರಿ ಮಾರಾಯ್ರೆ. ನಾನು ಆ ದಾರಿಯಲ್ಲಿ ಹೋಗಿ ಬಂದವನು, ಆ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ.

ಪಾದಾರ್‌ಗೆ ಕತ್ತಲಲ್ಲೇ ಚಿಕ್ಕ ದೋಣಿಯಲ್ಲಿ ಇಳಿಸುತ್ತಾರೆ. ಹೆಡ್‌ಲೈಟ್ ಇಟ್ಟುಕೊಳ್ಳಿ. ಕೆಳಗೆ ಮೆಟ್ಟಿಲು ಚೆನ್ನಾಗಿದೆ, ಮೇಲೆ ಹೋದಂತೆ ಮಣ್ಣು, ಕಲ್ಲು. ನಿಮ್ಮಂಥವರಿಗೆ ಅರ್ಧ ಗಂಟೆ ಸಾಕು. ನಮ್ಮ ಕಡೆಯ ಶೋಲಾ, ಮಂಜು ಏನೂ ಅಲ್ಲಿಲ್ಲ. ಆಗಸ್ಟ್‌ನಲ್ಲಿ ಗುಡ್ಡ ಪೂರ್ತಿ ಒಣಹುಲ್ಲು, ನಡುವೆ ಅಲ್ಲೊಂದು ಇಲ್ಲೊಂದು ತಾಳೆಮರ. ಹತ್ತುವಾಗ ಏನೂ ಕಾಣುವುದಿಲ್ಲ, ಬರೀ ಮುಂದಿನವರ ಕಾಲು. ಬೆಳಕು ಬಿಟ್ಟ ಮೇಲೆ ನಿಂತ ಜಾಗದಿಂದ ಕೆಳಗೆ ನೋಡಿದರೆ ದ್ವೀಪದ ಸೊಂಟ ಎರಡೂ ಕಡೆಯಿಂದ ಒಳಗೆ ಸರಿದಿರುತ್ತದೆ, ಒಂದೊಂದು ಕೊಲ್ಲಿಯಲ್ಲಿ ಒಂದೊಂದು ಬಣ್ಣದ ಮರಳು, ಒಂದು ಬಿಳಿ, ಒಂದು ಕಪ್ಪು, ಒಂದು ತಿಳಿ ಗುಲಾಬಿ. ಕೆಂಪು ಚಿಪ್ಪಿನ ಸೂಕ್ಷ್ಮ ಜೀವಿಗಳ ಪುಡಿ ಬಿಳಿ ಮರಳಿಗೆ ಬೆರೆತು ಆ ಗುಲಾಬಿ ಬರುತ್ತದೆ. ಜನ ಇರುತ್ತಾರೆ, ಇರಲಿ. ಎಲ್ಲರೂ ನಿಲ್ಲುವ ಮೊದಲ ಕಟ್ಟೆ ಬಿಟ್ಟು ಇನ್ನೊಂದು ಏರು ಹತ್ತಿದರೆ ಅರ್ಧಕ್ಕರ್ಧ ಜನ ಕಡಿಮೆಯಾಗುತ್ತಾರೆ. ಅವಸರ ಮಾಡದೆ ಇಳಿಯಿರಿ, ಇಳಿಯುವಾಗಲೇ ಜನ ಜಾರುವುದು.

ಕೊಮೊಡೊ ದ್ವೀಪದಲ್ಲಿ ಲೋಹ್ ಲಿಯಾಂಗ್ ಅನ್ನುವ ಕಡೆ ಇಳಿಸುತ್ತಾರೆ. ರೇಂಜರ್ ಇಲ್ಲದೆ ಒಂದು ಹೆಜ್ಜೆಯೂ ಇಡುವ ಹಾಗಿಲ್ಲ. ಅವರ ಕೈಯಲ್ಲಿ ಕವಲು ಇರುವ ಒಂದು ಉದ್ದ ಕೋಲು, ಅಷ್ಟೆ ಆಯುಧ. ಪ್ರಾಣಿ ಮೂರು ಮೀಟರ್‌ವರೆಗೂ ಬೆಳೆಯುತ್ತದೆ. ಬಾಯಲ್ಲಿ ವಿಷದ ಗ್ರಂಥಿ ಇದೆ ಅಂತ 2009ರಲ್ಲಿ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಮಲಗಿದಾಗ ಸತ್ತ ಮರದ ಬೊಡ್ಡೆಯಂತೆ ಬಿದ್ದಿರುತ್ತದೆ, ಎದ್ದರೆ ಮನುಷ್ಯ ಓಡುವಷ್ಟೇ ಜೋರಾಗಿ ಓಡಬಲ್ಲದು. ನಾವು ನೋಡಿದ್ದರ ನಾಲಿಗೆ ಹಳದಿ, ತುದಿಯಲ್ಲಿ ಸೀಳು, ಸದ್ದಿಲ್ಲದೆ ಹೊರಗೆ ಬರುವುದು ಒಳಗೆ ಹೋಗುವುದು. ವಾಸನೆ ಹಿಡಿಯುವುದೇ ಆ ನಾಲಿಗೆಯಿಂದ. ಮೇನಿಂದ ಆಗಸ್ಟ್‌ವರೆಗೆ ಅವು ಜೋಡಿಯಾಗುವ ಕಾಲ, ಕಾಡಿನ ಒಳಗೆ ಸರಿದಿರುತ್ತವೆ. ಕಡಿಮೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ಚಿಕ್ಕ ಸುತ್ತು, ದೊಡ್ಡ ಸುತ್ತು ಅಂತ ಇರುತ್ತದೆ. ಡೈವ್ ಇರುವ ದಿನ ಚಿಕ್ಕ ಸುತ್ತು ಸಾಕು.

ಮಾಂಟಾ ಪಾಯಿಂಟ್ ಬಗ್ಗೆ ಒಂದು ಮಾತು. ಆಳ ಜಾಸ್ತಿ ಇಲ್ಲ, ಬಹುಪಾಲು ಹತ್ತು ಮೀಟರ್ ಆಚೀಚೆ. ಆದರೆ ಸೆಳೆತ ಇದೆ. ಫ್ಲೋರೆಸ್ ಮತ್ತು ಸುಂಬಾವಾ ದ್ವೀಪಗಳ ನಡುವಿನ ಕಿರಿದಾದ ಸಂದುಗಳಲ್ಲಿ ಶಾಂತ ಸಾಗರದ ಕಡೆಯ ನೀರು ಹಿಂದೂ ಮಹಾಸಾಗರದ ಕಡೆಗೆ ನುಗ್ಗುತ್ತದೆ, ಅದರ ಮೇಲೆ ಭರತ ಇಳಿತ ಬೇರೆ. ಆ ನೀರು ತರುವ ಆಹಾರಕ್ಕೇ ಮಾಂಟಾಗಳು ಬರುವುದು, ಹಾಗಾಗಿ ಸೆಳೆತ ಇಲ್ಲದ ಮಾಂಟಾ ಪಾಯಿಂಟ್ ಅಂತ ಕೇಳುವ ಹಾಗಿಲ್ಲ. ಅಲ್ಲಿ ಈಜುವುದಲ್ಲ, ನೀರು ಒಯ್ದ ಕಡೆಗೆ ತೇಲುವುದು. ಮೇಲೆ ದೋಣಿ ನಿಮ್ಮ ಹಿಂದೆಯೇ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೆಳೆತ ಜೋರು, ಕ್ಯಾಲೆಂಡರ್ ನೋಡಿಕೊಂಡು ದಿನ ಗೊತ್ತು ಮಾಡಿ. ಬಹಳ ದಿನದಿಂದ ನೀರಿಗೆ ಇಳಿಯದ ನೀವಿಬ್ಬರೂ ಮೊದಲ ದಿನವೇ ಸಿಯಾಬಾ ಬೆಸಾರ್‌ನಂಥ ಶಾಂತ ಜಾಗದಲ್ಲಿ ಒಂದು ಡೈವ್ ಕೇಳಿ. ಅಲ್ಲಿ ಆಮೆಗಳು ಹುಲ್ಲು ಮೇಯುತ್ತಾ ಇರುತ್ತವೆ. ಹೆಂಗಸರ ಡೈವ್ ಕೂಡ ಅಲ್ಲೇ ಆಗಲಿ. ಮಾಂಟಾ ಪಾಯಿಂಟ್‌ನಲ್ಲಿ ಅವರು ಲೈಫ್ ಜಾಕೆಟ್ ಹಾಕಿಕೊಂಡು, ಗೈಡ್ ಜೊತೆಗೆ ಸ್ನಾರ್ಕೆಲ್ ಮಾಡಲಿ. ಮಾಂಟಾ ಎಷ್ಟೋ ಸಲ ಮೇಲಕ್ಕೇ ಬರುತ್ತದೆ, ಅವರಿಗೂ ಕಾಣುತ್ತದೆ.

ಕಂಡಾಗ ಬೆನ್ನಟ್ಟಬೇಡಿ, ದಯವಿಟ್ಟು. ಚಿಕ್ಕ ಮೀನುಗಳು ಅದರ ಮೈ ಶುಚಿ ಮಾಡುವ ಬಂಡೆಗಳಿವೆ, ಅಲ್ಲಿ ಅದು ಸುತ್ತು ಹಾಕುತ್ತಾ ನಿಲ್ಲುತ್ತದೆ. ನೀವು ಕೆಳಗೆ, ಪಕ್ಕಕ್ಕೆ ಸುಮ್ಮನಿದ್ದರೆ ಅದು ತಾನಾಗಿ ತಲೆಯ ಮೇಲೆಯೇ ಹಾದು ಹೋಗುತ್ತದೆ. ನನ್ನ ಮೇಲೆ ಹಾದದ್ದರ ಬಿಳಿ ಹೊಟ್ಟೆಯಲ್ಲಿ ಕಿವಿರಿನ ಸೀಳುಗಳ ನಡುವೆ ಮಸಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆ ಇದ್ದವು. ಆ ಮಚ್ಚೆ ಒಂದೊಂದಕ್ಕೆ ಒಂದೊಂದು ಥರ, ಅದರಿಂದಲೇ ಯಾವ ಮಾಂಟಾ ಅಂತ ಗುರುತು ಹಿಡಿಯುತ್ತಾರೆ. ಯಾರೋ ಒಬ್ಬರು ಕ್ಯಾಮೆರಾ ಹಿಡಿದು ಮುಂದೆ ನುಗ್ಗಿದರು, ಒಂದೇ ಸಲ ರೆಕ್ಕೆ ಬಡಿದು ಹೋಗಿಬಿಟ್ಟಿತು, ಉಳಿದವರಿಗೆ ಏನೂ ಇಲ್ಲ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಕೈಮರ ಚಾರಣಿಗ, ಚಿಕ್ಕಮಗಳೂರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಘಾಟಿಯ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನೇತ್ರಾಣಿಯನ್ನು ಶನಿವಾರಕ್ಕೆ ಬದಲಾಯಿಸಿದೆವು, ಮೂರನೇ ದಿನದ ಡೈವ್ ಬೇಡ ಅಂತ ದೋಣಿಯವರಿಗೆ ಮೆಸೇಜ್ ಹಾಕಿಯಾಯಿತು.

ಇನ್ನೂ ಕೆಲವು ಇವೆ. ನನ್ನ ಹೆಂಡತಿಗೆ ಚಾರ್ಮಾಡಿ ಇಳಿಯುವಾಗಲೇ ವಾಂತಿ, ದೋಣಿಯಲ್ಲಿ ಎರಡು ರಾತ್ರಿ ಹೇಗೆ? ಅವಳಿಗೆ ಈಜು ಬರುವುದಿಲ್ಲ, ಪರವಾಗಿಲ್ವಾ? ಭಾಮೈದನ ಹೆಂಡತಿಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು, ಈಗಿಲ್ಲ. ಮತ್ತೆ ನಾವು ನಾಲ್ವರೂ ಸಸ್ಯಾಹಾರಿಗಳು.

ಗೊರೂರು ಹಿನ್ನೀರು, ಹಾಸನ

ಉಬ್ಬಸದ ವಿಷಯ ಮುಚ್ಚಿಡಬೇಡಿ. ಡೈವ್‌ಗೆ ಮೊದಲು ಆರೋಗ್ಯದ ಒಂದು ಪ್ರಶ್ನಾವಳಿ ಕೊಡುತ್ತಾರೆ, ಅದರಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ಹೌದು ಅಂತ ಬರೆದರೆ ಡಾಕ್ಟರ್ ಸಹಿ ಬೇಕು ಅನ್ನುತ್ತಾರೆ. ಅಲ್ಲಿ ಹೋಗಿ ನಿಂತು ಪರದಾಡುವ ಬದಲು ಈಗಲೇ ಹಾಸನದಲ್ಲೋ ಮಂಗಳೂರಿನಲ್ಲೋ ಶ್ವಾಸಕೋಶದ ಡಾಕ್ಟರ್‌ಗೆ ತೋರಿಸಿ, ಊದುವ ಪರೀಕ್ಷೆ ಮಾಡಿಸಿ, ಪತ್ರ ತೆಗೆದುಕೊಳ್ಳಿ. ಆಳದಲ್ಲಿ ಶ್ವಾಸನಾಳ ಬಿಗಿದುಕೊಂಡು ಗಾಳಿ ಒಳಗೇ ಸಿಕ್ಕಿಬಿದ್ದರೆ, ಮೇಲೆ ಬರುವಾಗ ಅದು ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು. ಡಾಕ್ಟರ್ ಬೇಡ ಅಂದರೆ ಬೇಡ. ಸ್ನಾರ್ಕೆಲ್‌ನಲ್ಲೂ ಆ ಸಮುದ್ರ ಚೆನ್ನಾಗಿಯೇ ಕಾಣುತ್ತದೆ.

ಪರಿಚಯದ ಡೈವ್‌ಗೆ ಈಜು ಬರಲೇಬೇಕು ಅಂತಿಲ್ಲ, ಇನ್‌ಸ್ಟ್ರಕ್ಟರ್ ಹಿಡಿದುಕೊಂಡೇ ಇರುತ್ತಾರೆ. ಆದರೆ ನೀರು ಮುಖಕ್ಕೆ ಬಿದ್ದರೆ ಗಾಬರಿ ಆಗಬಾರದು. ಏಪ್ರಿಲ್‌ವರೆಗೆ ಸಮಯ ಇದೆ, ಕೊಳದಲ್ಲಿ ಮಾಸ್ಕ್ ಹಾಕಿಕೊಂಡು ಬಾಯಲ್ಲಿ ಉಸಿರಾಡುವುದನ್ನು ರೂಢಿ ಮಾಡಿಸಿ. ಕಿವಿಯದ್ದೂ ಅಭ್ಯಾಸ ಬೇಕು. ಮೂಗು ಹಿಡಿದು ಮೆಲ್ಲಗೆ ಊದುವುದು, ಇಳಿಯಲು ಶುರು ಮಾಡಿದ ಕೂಡಲೇ, ನೋವು ಬರುವ ಮೊದಲೇ. ನೋವು ಬಂದ ಮೇಲೆ ಜೋರಾಗಿ ಊದಿದರೆ ಕಿವಿಗೆ ಏಟು. ನೆಗಡಿ ಇದ್ದರೆ ಆ ದಿನ ನೀರಿಗೆ ಇಳಿಯಬೇಡಿ.

ವಾಂತಿಗೆ ಮಾತ್ರೆ ಇದೆ, ಆದರೆ ಬಹುಪಾಲು ಮಾತ್ರೆಗಳಿಗೆ ನಿದ್ದೆಯ ಮಂಪರು ಬರುತ್ತದೆ, ಮಂಪರಿನಲ್ಲಿ ಡೈವ್ ಮಾಡಬಾರದು. ಯಾವುದು, ಎಷ್ಟು ಅಂತ ಡಾಕ್ಟರ್ ಹತ್ತಿರ ಕೇಳಿ, ಊರಿನಲ್ಲೇ ಒಂದು ದಿನ ತೆಗೆದುಕೊಂಡು ಮೈ ಹೇಗಿರುತ್ತದೆ ನೋಡಲಿ. ದೋಣಿ ಹೊರಡುವ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ಹೊಟ್ಟೆಯಲ್ಲಿ ಅದು ನಿಲ್ಲುವುದಿಲ್ಲ. ರೂಮ್ ಆರಿಸುವಾಗ ಕೆಳಗಿನದು, ದೋಣಿಯ ನಡುಭಾಗದ್ದು ಕೇಳಿ, ಓಲಾಟ ಅಲ್ಲಿ ಕಡಿಮೆ. ರಾತ್ರಿ ಹೆಚ್ಚಾಗಿ ಕೊಲ್ಲಿಯೊಳಗೆ ಲಂಗರು ಹಾಕುತ್ತಾರೆ, ನಿದ್ದೆಗೆ ಅಷ್ಟು ತೊಂದರೆ ಆಗಲಾರದು. ನೇತ್ರಾಣಿಗೆ ದಡದಿಂದ ಸುಮಾರು 19 ಕಿಲೋಮೀಟರ್, ಒಂದು ಒಂದೂವರೆ ಗಂಟೆ ಸಮುದ್ರದ ಮೇಲೆಯೇ ಇರುತ್ತೀರಿ. ಅವರಿಗೆ ಎಷ್ಟು ಆಗುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಒಂದು ನೆನಪಿರಲಿ, ನೇತ್ರಾಣಿಯಲ್ಲಿ ದೋಣಿಯಿಂದ ನೀರಿಗೆ ಇಳಿಸುತ್ತಾರೆ, ದ್ವೀಪಕ್ಕೆ ಹತ್ತಿಸುವುದಿಲ್ಲ. ಚಾರಣದ ಶೂ ಕಾರಿನಲ್ಲೇ ಇರಲಿ.

ಇನ್ಶೂರೆನ್ಸ್ ಪತ್ರವನ್ನೂ ಒಮ್ಮೆ ಓದಿ. ಪ್ರವಾಸದ ಸಾಮಾನ್ಯ ಪಾಲಿಸಿಗಳಲ್ಲಿ ಡೈವಿಂಗ್ ಸೇರಿರುವುದಿಲ್ಲ, ಅಥವಾ ಇಷ್ಟು ಮೀಟರ್‌ವರೆಗೆ ಮಾತ್ರ ಅಂತ ಇರುತ್ತದೆ. ಮೈಯೊಳಗೆ ಗುಳ್ಳೆ ಎದ್ದವರಿಗೆ ಕೊಡುವ ಒತ್ತಡದ ಕೋಣೆಯ ಚಿಕಿತ್ಸೆ ಅಂದರೆ ಸಣ್ಣ ಖರ್ಚಲ್ಲ.

ಬಾಣಾವರದ ಅಡುಗೆಮನೆ

ಊಟದ್ದು ನಾನು ಹೇಳುತ್ತೇನೆ, ಮಗಳ ಮನೆ ಬಾಲಿಯಲ್ಲಿದ್ದಾಗ ಇದ್ದು ಬಂದವಳು. ಸಸ್ಯಾಹಾರಿ ಅಂತ ಮಾತ್ರ ಹೇಳಿದರೆ ಅಲ್ಲಿ ಸಾಲದು. ಅನ್ನ ಇದೆ, ತೋಫು ಇದೆ, ಸೋಯಾ ಕಾಳನ್ನು ಹುದುಗಿಸಿ ಬಿಲ್ಲೆ ಕಟ್ಟುವ ತೆಂಪೆ ಇದೆ, ಅದನ್ನು ಕರಿದು ಕೊಟ್ಟರೆ ಮಕ್ಕಳೂ ತಿನ್ನುತ್ತಾರೆ. ಬೇಯಿಸಿದ ತರಕಾರಿಗೆ ಕಡಲೆಕಾಯಿ ಗೊಜ್ಜು ಹಾಕುವ ಗಾದೊ ಗಾದೊ ಕೂಡ ಚೆನ್ನಾಗಿರುತ್ತದೆ. ತೊಂದರೆ ಇರುವುದು ಸಾಂಬಲ್‌ನಲ್ಲಿ. ನೋಡಲು ನಮ್ಮ ಕೆಂಪು ಚಟ್ನಿ ಹಾಗೇ ಇರುತ್ತದೆ, ಆದರೆ ಬಹಳ ಕಡೆ ತೆರಾಸಿ ಹಾಕಿ ಅರೆಯುತ್ತಾರೆ, ಅದು ಸಿಗಡಿಯದ್ದು. ಆ ಕಡಲೆಕಾಯಿ ಗೊಜ್ಜಿಗೂ ಕೆಲವರು ಹಾಕುತ್ತಾರೆ. ಮೀನು ಬೇಡ, ಸಿಗಡಿ ಬೇಡ, ಮಾಂಸ ಬೇಡ, ತೆರಾಸಿ ಬೇಡ ಅಂತ ಒಂದೊಂದಾಗಿ ಬರೆದು ದೋಣಿಯ ಅಡುಗೆಯವರಿಗೆ ಹೊರಡುವ ಮೊದಲೇ ಕಳಿಸಿ. ದೋಣಿ ಬಂದರು ಬಿಟ್ಟ ಮೇಲೆ ಮಧ್ಯದಲ್ಲಿ ಅಂಗಡಿ ಸಿಗುವುದಿಲ್ಲ.

ಕಟ್ಟಿಕೊಂಡು ಹೋಗುವುದಾದರೆ ಚಟ್ನಿಪುಡಿ, ಹುರಿದ ಅವಲಕ್ಕಿ, ಕೋಡುಬಳೆ ಸಾಕು. ಡಬ್ಬಿ ಮುಚ್ಚಳ ಬಿಗಿಯಾಗಿರಲಿ, ಉಪ್ಪುಗಾಳಿಗೆ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ಬೆಳಗಿನ ಜಾವ ಗುಡ್ಡಕ್ಕೆ ಹೋಗುವಾಗ ಒಂದು ಬಾಳೆಹಣ್ಣು, ಎರಡು ಖರ್ಜೂರ ತಿಂದು ಹೊರಡಿ, ಹೊಟ್ಟೆ ತುಂಬಾ ಬೇಡ. ಡೈವ್‌ಗೆ ಮೊದಲು ಎಣ್ಣೆ ತಿಂಡಿ ಬೇಡ, ನಿಮ್ಮ ಮನೆಯವರಿಗೆ ಮೊದಲೇ ಹೊಟ್ಟೆ ತೊಳಸುತ್ತದೆ ಅಂದಿದ್ದೀರಿ. ಒಣಶುಂಠಿ ಇಟ್ಟುಕೊಳ್ಳಲಿ.

ಮೂಡಿಗೆರೆ ಮಳೆ

ಒಂದು ಬಿಟ್ಟುಹೋಗಿತ್ತು. ಎರಡನೇ ದಿನ ಸಂಜೆ ಖಾಲಿ ಇರುತ್ತದಲ್ಲ, ಕಾಲೊಂಗ್ ದ್ವೀಪದ ಹತ್ತಿರ ಲಂಗರು ಹಾಕಲು ಕೇಳಿ. ಕತ್ತಲಾಗುವ ಹೊತ್ತಿಗೆ ಕಾಂಡ್ಲಾ ಕಾಡಿನಿಂದ ದೊಡ್ಡ ಬಾವಲಿಗಳು ಸಾವಿರಗಟ್ಟಲೆ ಏಳುತ್ತವೆ, ಫ್ಲೋರೆಸ್ ಕಡೆಗೆ ಹಣ್ಣು ಹುಡುಕಿಕೊಂಡು ಹೋಗುತ್ತವೆ. ಡೆಕ್ ಮೇಲೆ ಮಲಗಿಕೊಂಡೇ ನೋಡಬಹುದು, ಹತ್ತುವುದೂ ಇಲ್ಲ, ಮುಳುಗುವುದೂ ಇಲ್ಲ.

ಆಗಸ್ಟ್‌ನಲ್ಲಿ ಆಗ್ನೇಯ ದಿಕ್ಕಿನ ಗಾಳಿ ಜೋರು. ನಿಮ್ಮ ಹಾಯಿ ಬಿಚ್ಚುವ ಆಸೆಗೆ ಅದು ಒಳ್ಳೆಯದೇ, ಆದರೆ ಪಾರ್ಕ್‌ನ ದಕ್ಷಿಣದ ಕಡೆ ಅಲೆ ಏಳುತ್ತದೆ, ನೀರೂ ತಣ್ಣಗೆ. ಮೈತುಂಬಾ ಬರುವ ವೆಟ್‌ಸೂಟ್ ಕೇಳಿ ತೆಗೆದುಕೊಳ್ಳಿ. ಹವಾಮಾನ ಕೆಟ್ಟರೆ ಬಂದರಿನ ಅಧಿಕಾರಿಗಳು ದೋಣಿಗಳನ್ನು ಬಿಡುವುದಿಲ್ಲ. ಆಗ ದುಡ್ಡು ಕೊಟ್ಟಿದ್ದೇವೆ ಅಂತ ದೋಣಿಯವರ ಮೇಲೆ ಒತ್ತಾಯ ಹಾಕಬೇಡಿ, ಒಂದು ದಿನ ಲಬುವಾನ್ ಬಾಜೊದಲ್ಲೇ ಉಳಿಯಲು ಆಗುವ ಹಾಗೆ ಬಾಲಿಯಿಂದ ವಾಪಸ್ ಟಿಕೆಟನ್ನು ಸ್ವಲ್ಪ ಸಡಿಲ ಇಟ್ಟುಕೊಳ್ಳಿ. ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿದೆ, ನಾಲ್ಕು ಜನಕ್ಕೂ ಇದೆಯಾ, ಡೈವ್‌ಗೆ ಬೇಕಾಗುವ ಆಕ್ಸಿಜನ್ ಕಿಟ್ ದೋಣಿಯಲ್ಲಿ ಇದೆಯಾ ಅಂತ ನೀವೇ ಕಣ್ಣಾರೆ ನೋಡಿ. ಕೇಳಿದರೆ ತೋರಿಸುತ್ತಾರೆ.